ನಿನೆವೆಯ ಪಕ್ಕದ ಮೂರು ಚುಕ್ಕೆ

ಆಗ ನನಗೆ ಅರವತ್ತೊಂಬತ್ತು ವರ್ಷ. ಅದಕ್ಕೀಗ ಐದು ವರ್ಷವಾಯಿತು. ವಯಸ್ಸನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಮಾಡಿದ್ದನ್ನು ಓದಿ "ಪಾಪ, ತಿಳಿಯದೆ ಮಾಡಿದಳು" ಅಂತ ಯಾರೂ ಅನ್ನುವುದು ಬೇಡ. ಅರವತ್ತೊಂಬತ್ತಕ್ಕೆ ತಿಳಿಯದಿದ್ದರೆ ಇನ್ನು ಯಾವಾಗ ತಿಳಿಯುತ್ತದೆ?

ನಿನ್ನೆ ಮೊಮ್ಮಗಳು ಲಿಲ್ಲಿ ಕಪಾಟಿನಿಂದ ನನ್ನ ವೇದಪುಸ್ತಕ, ಅಂದರೆ ಬೈಬಲ್, ತೆಗೆಯುವಾಗ ಅದರ ಹಿಂದಿನ ನಕಾಶೆಯ ಹಾಳೆ ಜಾರಿ ನೆಲಕ್ಕೆ ಬಿತ್ತು. ಆ ಹಾಳೆ ಹೊಲಿಗೆ ಬಿಟ್ಟು ಎಷ್ಟೋ ಕಾಲವಾಗಿದೆ. ಅದಕ್ಕೊಂದು ವಾಸನೆ ಇದೆ, ಡಾಂಬರು ಗುಳಿಗೆ ಮತ್ತು ಕುಸುಬಿ ಎಣ್ಣೆ ಕೂಡಿದ ವಾಸನೆ. ಗುಳಿಗೆ ಕಪಾಟಿನದು, ಎಣ್ಣೆ ನನ್ನ ಬೆರಳಿನದು. ಲಿಲ್ಲಿಗೀಗ ಹದಿನಾಲ್ಕು. ಕನ್ನಡ ಎಲ್ಲ ತಿಳಿಯುತ್ತದೆ, ಬಾಯಿಂದ ಬರುವುದು ಮಾತ್ರ ಇಂಗ್ಲಿಷ್. ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ಅಜ್ಜಿ, ಹೂ ಪುಟ್ ದೀಸ್ ಡಾಟ್ಸ್?" ಅಂದಳು. ನಿನೆವೆ ಅನ್ನುವ ಊರಿನ ಪಕ್ಕ ಪೆನ್ಸಿಲಿನ ಮೂರು ಚುಕ್ಕೆ.

"ನಾನ ಇಟ್ಟೀನಿ" ಅಂದೆ.

"ವೈ?"

ಒಂದು ಮಾತಿನ ಪ್ರಶ್ನೆ. ಅದಕ್ಕೆ ಉತ್ತರ ಹೇಳುವಷ್ಟರಲ್ಲಿ ಒಲೆಯ ಮೇಲಿನ ಬೇಳೆ ತಳ ಹತ್ತಿತು. ಅವಳಿಗೆ ಹೇಳಿದ್ದನ್ನೇ ಈಗ ನಿಮಗೂ ಹೇಳುತ್ತಿದ್ದೇನೆ. ನನಗೆ ಬರೆದು ರೂಢಿಯಿಲ್ಲ. ಬೆಟಗೇರಿಯಲ್ಲಿ ಎರಡನೇ ಇಯತ್ತೆ ಮುಗಿಯುವ ಮೊದಲೇ ಸಾಲಿ ಬಿಡಿಸಿದರು. ಆಮೇಲೆ ಮಿಷನ್ ಆಸ್ಪತ್ರೆಯಲ್ಲಿ ಆಯಾ ಆಗಿ ಮೂವತ್ತು ವರ್ಷ ವಾರ್ಡು ಒರೆಸಿದೆ. ಮನೆಮನೆಗೆ ಬಂದು ಶಾಸ್ತ್ರ ಹೇಳುತ್ತಿದ್ದ ಸುಂದರಬಾಯಿ ಅನ್ನುವಾಕೆ, ಮದುವೆಯಾದ ಮೇಲೆ ನನ್ನನ್ನು ಹಿಡಿದು ಕೂರಿಸಿ ಮತ್ತೆ ಅಕ್ಷರ ತಿದ್ದಿಸಿದಳು. ಅಚ್ಚಿನ ಅಕ್ಷರ ಬೆರಳಿಟ್ಟು ಓದುತ್ತೇನೆ. ಬೇರೆಯವರ ಕೈಬರಹ ಓದಲಾರೆ. ನನ್ನದನ್ನೂ ಮರುದಿನ ಓದಲಾರೆ. ಹಾಗಾಗಿ ಇದನ್ನು ಒಂದೇ ದಿನದಲ್ಲಿ ಬರೆದು ಮುಗಿಸಬೇಕು.

ನಕಾಶೆಯ ಮಾತು ಮೊದಲು. ಜಗತ್ತಿನಲ್ಲಿ ನನಗೆ ಓದಲು ಬರುವ ನಕಾಶೆ ಇದೊಂದೇ. ಈ ಹ್ಯೂಸ್ಟನ್ನಿಗೆ ಬಂದು ವರ್ಷಗಳಾದರೂ ಇಂಡಿಯನ್ ಅಂಗಡಿ ನಮ್ಮ ಮನೆಯಿಂದ ಯಾವ ದಿಕ್ಕಿಗಿದೆ ಅಂತ ಕೇಳಿದರೆ ಹೇಳಲಾರೆ. ಕಾರಿನಲ್ಲಿ ಕೂತರೆ ಎಲ್ಲ ಫ್ರೀವೇಯೂ ಒಂದೇ. ಆದರೆ ಬಾಬೆಲಿನ ಸೈನ್ಯ ಯೆರೂಸಲೇಮಿಗೆ ಯಾವ ದಾರಿಯಲ್ಲಿ ಬಂತು ಕೇಳಿ, ನಿದ್ದೆಗಣ್ಣಲ್ಲಿ ಹೇಳುತ್ತೇನೆ. ನೆಟ್ಟಗೆ ಬರುವ ಹಾಗಿಲ್ಲ, ನಡುವೆ ಬರೀ ಮರಳು, ಕುದುರೆಗೆ ನೀರಿಲ್ಲ. ನದಿ ಹಿಡಿದು ಮೇಲೆ ಹೋಗಿ, ಖಾರಾನ್ ಹತ್ತಿರ ಬಳಸಿ, ಆಮೇಲೆ ಕೆಳಗಿಳಿಯಬೇಕು. ಆ ದಾರಿಯಲ್ಲಿ ಇದ್ದ ಪ್ರತಿ ಊರೂ ಸೈನ್ಯಕ್ಕೆ ಹಿಟ್ಟು ಕೊಡಬೇಕು, ಇಲ್ಲದಿದ್ದರೆ ಸುಟ್ಟುಹೋಗಬೇಕು.

ಇದನ್ನು ಹೇಳಿಕೊಟ್ಟವಳು ಸುಂದರಬಾಯಿ. ಹಾಳೆಯ ಮೇಲೆ ಅಶ್ಶೂರ ದೇಶ ಅರಿಷಿಣ ಬಣ್ಣ, ಬಾಬೆಲ್ ಗುಲಾಬಿ, ಐಗುಪ್ತ ಹಸಿರು. ಆಕೆ ನನ್ನ ಕಿರುಬೆರಳು ಹಿಡಿದು ನಡುವೆ ಒತ್ತುತ್ತಿದ್ದಳು. "ಯೆಹೂದ ಎಷ್ಟೈತಿ ನೋಡು. ನಿನ್ನ ಉಗುರಿನಷ್ಟ. ಆ ಕಡೆ ಐಗುಪ್ತ, ಈ ಕಡೆ ಅಶ್ಶೂರ. ಅವರು ಇವರ ಮ್ಯಾಲ ಹೊಂಟ್ರೂ ಈ ಉಗುರಿನ ಮ್ಯಾಲ ಹಾಯಬೇಕು, ಇವರು ಅವರ ಮ್ಯಾಲ ಹೊಂಟ್ರೂ ಇದರ ಮ್ಯಾಲ ಹಾಯಬೇಕು."

ಅಶ್ಶೂರದ ಅರಸು ಸನ್ಹೇರೀಬ. ಅವನ ಊರು ನಿನೆವೆ. ಊರೂರು ಹಿಡಿದ, ಜನರನ್ನು ಎಳೆದುಕೊಂಡು ಹೋಗಿ ಬೇರೆ ಸೀಮೆಗೆ ನೆಟ್ಟ, ಅಲ್ಲಿನವರನ್ನು ತಂದು ಇಲ್ಲಿ ನೆಟ್ಟ. ನಾವು ಮೆಣಸಿನ ಸಸಿ ಕಿತ್ತು ನೆಡುವುದಿಲ್ಲವೇ, ಹಾಗೆ. ಅವನನ್ನು ಅವನ ಮಕ್ಕಳೇ ಕೊಂದರು. ಆಮೇಲೆ ನಿನೆವೆಯನ್ನು ಬಾಬೆಲಿನವರು ಬಂದು ಸುಟ್ಟರು. ಬಾಬೆಲಿನ ನೆಬೂಕದ್ನೆಚ್ಚರ ಯೆರೂಸಲೇಮನ್ನು ಕೆಡವಿದ, ಜನರನ್ನು ಸೆರೆ ಒಯ್ದ. ಆ ಬಾಬೆಲನ್ನು ಪಾರಸಿಯದ ಕೋರೆಷ ಹಿಡಿದ. ಇಷ್ಟು ಅರಸರಲ್ಲಿ ನನಗೆ ಸೇರಿದವನು ಈ ಕೋರೆಷ ಒಬ್ಬನೇ. ಅವನು ಸೆರೆಯವರನ್ನು ಮನೆಗೆ ಹೋಗಿ ಅಂದ.

ಪಾಠದ ಕೊನೆಗೆ ಸುಂದರಬಾಯಿ "ಆಮೆನ್ ಅನ್ರಿ" ಅನ್ನುತ್ತಿದ್ದಳು. ನಿನೆವೆ ಸುಟ್ಟು ಬೂದಿಯಾದ ಪಾಠ ಬಂದಾಗ ನಾವು ಹೆಂಗಸರ ಆಮೆನ್ ಓಣಿಗೆಲ್ಲ ಕೇಳುತ್ತಿತ್ತು. ಬಾಯಲ್ಲಿ ನಿನೆವೆ, ಮನಸ್ಸಿನಲ್ಲಿ ಒಬ್ಬೊಬ್ಬರದು ಒಂದೊಂದು ಊರು. ನನ್ನ ಮನಸ್ಸಿನಲ್ಲಿ ಇದ್ದದ್ದು ನನ್ನ ಅತ್ತೆಯ ಊರು. ಆ ನಿನೆವೆಯಲ್ಲಿ ಜನ ಇದ್ದರು, ಅವರು ರೊಟ್ಟಿ ತಟ್ಟುತ್ತಿದ್ದರು ಅನ್ನುವುದು ನನ್ನ ತಲೆಗೆ ಒಮ್ಮೆಯೂ ಬರಲಿಲ್ಲ. ಸುಟ್ಟುಹೋದ ಊರು, ಮುಗಿಯಿತು. ಅದು ಇನ್ನೂ ನೆಲದ ಮೇಲೆ ಇದೆ ಅಂತಲೂ ನನಗೆ ಗೊತ್ತಿರಲಿಲ್ಲ.

ಈಗ ಮಗಳ ಮಾತು. ಕರುಣಾ ನರ್ಸ್. ಈ ದೇಶಕ್ಕೆ ಬಂದು ಕೆಲಸ ಹಿಡಿದ ಮೇಲೆ ಸೈನ್ಯದ ಮೀಸಲು ಪಡೆಗೆ ಹೆಸರು ಕೊಟ್ಟಳು. ಮುಂದೆ ಓದಿಸುತ್ತಾರೆ, ಬೇಗ ಇಲ್ಲಿಯವಳಾಗಬಹುದು, ಅದಕ್ಕೆ. ತಿಂಗಳಿಗೊಂದು ಶನಿವಾರ ರವಿವಾರ ಯುನಿಫಾರ್ಮ್ ಹಾಕಿಕೊಂಡು ಹೋಗಿ ಬರುತ್ತಿದ್ದಳು. ನಾನು ಅದನ್ನು ಸಾಲಿ ಹುಡುಗರ ಕವಾಯತು ಅಂದುಕೊಂಡಿದ್ದೆ. ಇಸ್ತ್ರಿ ಕೂಡ ನಾನೇ ಮಾಡುತ್ತಿದ್ದೆ, ಪಟ್ಟಿ ಎದ್ದು ನಿಲ್ಲುವ ಹಾಗೆ. ಆ ಯುನಿಫಾರ್ಮ್ ಒಂದು ದಿನ ಅವಳನ್ನು ಒಯ್ಯುತ್ತದೆ ಅಂತ ತಿಳಿದಿದ್ದರೆ ಇಸ್ತ್ರಿಪೆಟ್ಟಿಗೆಯಿಂದ ಸುಟ್ಟುಹಾಕುತ್ತಿದ್ದೆ.

ಇರಾಕಿನ ಯುದ್ಧಕ್ಕೆ ಬಾ ಅಂತ ಸೈನ್ಯದ ಕಾಗದ ಬಂತು. ಹೊರಡುವ ಹಿಂದಿನ ದಿನ ಮಧ್ಯಾಹ್ನ ಊಟದ ಮೇಜಿನ ಮೇಲೆ ನಾನು ನಕಾಶೆ ಹರವಿದೆ. "ಇದರಾಗ ಎಲ್ಲಿ ತೋರಸು" ಅಂದೆ.

"ಅವ್ವಾ, ನನಗೂ ಗೊತ್ತಿಲ್ಲ. ಗೊತ್ತಾದ ಮ್ಯಾಲೂ ಫೋನ್‌ನಾಗ ಹೇಳಾಕ ಬಿಡೂದಿಲ್ಲ."

"ಹಂಗಾರ ನಾ ಎಲ್ಲಿ ನೋಡಿಕೋತ ಕುಂದರಲಿ? ಗ್ವಾಡಿ ನೋಡ್ಲೇನು?"

ಆಗ ಆ ಉಪಾಯ ಹೊಳೆಯಿತು. ಹೊಳೆದದ್ದು ನನಗೆ, ಅವಳಿಗಲ್ಲ. ಅರಸರ ಹೆಸರು ಹೇಳಿದರೆ ಸಾಕು. ನೆಬೂಕದ್ನೆಚ್ಚರನ ಕಥೆ ಓದುತ್ತಿದ್ದೇನೆ ಅಂದರೆ ಬಾಬೆಲಿನ ಕಡೆ. ಸನ್ಹೇರೀಬ ಅಂದರೆ ನಿನೆವೆಯ ಕಡೆ. ಕೋರೆಷ ಅಂದರೆ ಮನೆಗೆ ಬರುತ್ತಿದ್ದೇನೆ ಅಂತ. ಕರುಣಾ ಮೊದಲು ಒಲ್ಲೆ ಅಂದಳು. ನಾನು ಬಿಡಲಿಲ್ಲ. ಕೊನೆಗೆ ನನ್ನ ಕೈ ಹಿಡಿದು ನಕಾಶೆಯ ಮೇಲೆ ಇಟ್ಟು, "ಯಾರ ಮುಂದೂ ಹೇಳೂದಿಲ್ಲ ಅನ್ನು" ಅಂದಳು.

"ಹೇಳೂದಿಲ್ಲ."

"ಡಲ್ಲಾಸಿನ ಸುಶೀಲಾಬಾಯಾರ ಮುಂದೂ?"

"ಅಕಿ ಮುಂದ ನಾ ಯಾಕ ಹೇಳಲಿ?" ಅಂದೆ. ಸಿಟ್ಟು ಕೂಡ ಮಾಡಿದೆ.

ಹೋದಳು. ಮನೆಯಲ್ಲಿ ಉಳಿದವರು ನಾನು, ಅಳಿಯ, ಆಗ ಒಂಬತ್ತರ ಲಿಲ್ಲಿ. ಅಳಿಯ ಗೋದಾಮಿನಲ್ಲಿ ಲೆಕ್ಕದ ಕೆಲಸಕ್ಕಿದ್ದ, ಮಾತು ಕಡಿಮೆ. ಹೋದವರ ಮನೆಯವರನ್ನು ಕರೆದು ಸೈನ್ಯದವರು ಒಂದು ದಿನ ತಿಳಿವಳಿಕೆ ಹೇಳಿದ್ದರಂತೆ. ಕೆಟ್ಟ ಸುದ್ದಿ ಇದ್ದರೆ ಫೋನ್ ಮಾಡುವುದಿಲ್ಲ, ಯುನಿಫಾರ್ಮಿನ ಇಬ್ಬರು ಮನೆಗೇ ಬರುತ್ತಾರೆ ಅಂತ. ಇದನ್ನು ನನಗೆ ಹೇಳಿದವಳು ಲಿಲ್ಲಿ, ಕಾರ್ನ್‌ಫ್ಲೇಕ್ಸ್ ತಿನ್ನುತ್ತ. ಅಂದಿನಿಂದ ನನಗೆ ಕೆಳಗಿನ ಪಾರ್ಕಿಂಗ್ ಲಾಟ್ ನೋಡುವ ಚಟ ಹತ್ತಿತು. ಕಾರು ಬಂದರೆ ಬಾಗಿಲು ಎಷ್ಟು ತೆರೆಯುತ್ತವೆ ಅಂತ ಎಣಿಸುತ್ತಿದ್ದೆ. ಒಂದು ತೆರೆದರೆ ಉಸಿರು ಬಿಡುತ್ತಿದ್ದೆ. ಎರಡು ತೆರೆದರೆ ಗ್ಯಾಸ್ ಸಣ್ಣ ಮಾಡಿ ನಿಲ್ಲುತ್ತಿದ್ದೆ.

ಮೂರನೇ ವಾರ ಬೆಳಗ್ಗೆ ಫೋನ್ ಬಂತು. ಅಲ್ಲಿ ಆಗ ಸಂಜೆ. ಊಟ, ಚಳಿ, ಲಿಲ್ಲಿಯ ಸಾಲಿ ಎಲ್ಲ ಆದ ಮೇಲೆ, "ಅವ್ವಾ, ಸನ್ಹೇರೀಬನ ಕಥಿ ಓದಾಕತ್ತೇನಿ" ಅಂದಳು. ನನ್ನ ಕೈಯಲ್ಲಿ ರೊಟ್ಟಿ ಹಿಟ್ಟು. ಆ ಬೆರಳನ್ನೇ ನಕಾಶೆಯ ಅರಿಷಿಣದ ಮೇಲೆ ಓಡಿಸಿ ನಿನೆವೆಯ ಮೇಲೆ ನಿಲ್ಲಿಸಿದೆ. ಗೆದ್ದ ಹಾಗಾಯಿತು, ನೋಡಿ. ಹೆದರಿಕೆ ಆಮೇಲೆ ಬಂತು.

"ಇಲ್ಲೆ ಒಬ್ಬಾಕಿ ಅದಾಳವ್ವಾ, ಈ ಊರಾಕಿ" ಅಂದಳು ಕರುಣಾ. "ಮುಂಜಾನಿ ನನ್ನ ಪಾಳಿ ಶುರು ಆಗೂ ಹೊತ್ತಿಗೆ, ಊರಿನ ಕೆಲಸದವರ ಕೂಡ ಗೇಟಿನಾಗ ಹಾದು ವಾರ್ಡ್ ಒರಸಾಕ ಬರ್ತಾಳ. ಥೇಟ್ ನಿನ್ನಂಗ, ಮೂಲಿಯಿಂದ ಶುರು ಮಾಡಿ ಬಾಗಲಕ್ಕ ಬರ್ತಾಳ. ಯಾರರ ಹಸಿ ನೆಲ ತುಳದ್ರ ನಿನ್ನಂಗ ಬೈತಾಳ."

"ಫಿನೈಲ್ ಕಡಿಮಿ ಹಾಕಂತ ಹೇಳು" ಅಂದೆ. "ಕೈ ಒಡೀತಾವು."

"ಅಕಿಗೆ ಕನ್ನಡ ಬರೂದಿಲ್ಲ, ಯವ್ವಾ." ಇಬ್ಬರೂ ನಕ್ಕೆವು.

ಮುಂದಿನ ಶುಕ್ರವಾರ ಮೂರ್ತಿಯವರು ರೊಟ್ಟಿ ಒಯ್ಯಲು ಬಂದರು. ಮೈಸೂರಿನವರು, ಇಲ್ಲಿ ಎನರ್ಜಿ ಕಾರಿಡಾರ್ ಅನ್ನುವ ಭಾಗದ ಎಣ್ಣೆ ಕಂಪನಿಯೊಂದರಲ್ಲಿ ಕೆಲಸ. ಅವರ ಮಗಳ ಬಾಣಂತನ ಮಾಡಿದವಳು ನಾನು. ಇಲ್ಲಿ ಅದೇ ನನ್ನ ಕಸುಬಾಗಿಬಿಟ್ಟಿತ್ತು, ಕನ್ನಡದ ಬಾಣಂತಿಯರಿಗೆ ಎಣ್ಣೆ ಹಚ್ಚಿ ನೀರು ಹಾಕುವುದು. ಬ್ರಾಹ್ಮಣರ ಮನೆ ಕೂಸು, ಕ್ರಿಸ್ತರ ಮನೆ ಕೂಸು, ಎರಡೂ ಬಿಸಿನೀರು ಬಿದ್ದರೆ ಒಂದೇ ರಾಗ ತೆಗೆಯುತ್ತವೆ. ಮೂರ್ತಿಯವರು ಹಿಂದೆ ಎಣ್ಣೆ ಕೊಳವೆಯ ಕೆಲಸಕ್ಕೆ ಇರಾಕಿನಲ್ಲಿ ಇದ್ದವರು ಅಂತ ಕೇಳಿದ್ದೆ. ನಕಾಶೆ ಮುಂದಿಟ್ಟೆ. ಮಗಳ ಮಾತು ಎತ್ತಲಿಲ್ಲ.

"ಇದು ಈಗ ಎಲ್ಲಿ ಬರತೈತ್ರಿ?"

ಅವರು ಕನ್ನಡಕ ಏರಿಸಿ ನೋಡಿದರು. "ಇದಾ? ಇದು ಮೋಸುಲ್ ಅಮ್ಮಾ. ನದಿ ಈ ದಡದಲ್ಲಿ ನಿಮ್ಮ ನಿನೆವೆಯ ಹಳೇ ಗೋಡೆ, ಆ ದಡದಲ್ಲಿ ಊರು. ನಾನು ಹೋಗಿದ್ದೀನಿ. ಗೋಡೆ ಪಕ್ಕ ಕಲ್ಲಂಗಡಿ ಮಾರ್ತಾ ಇದ್ರು. ಎಂಥಾ ಕಲ್ಲಂಗಡಿ ಅಂತೀರಾ!"

"ಗ್ವಾಡಿ ಐತಿ ಅನ್ರಿ? ಜನಾನೂ ಅದಾರ?"

ಮೂರ್ತಿಯವರು ನಕ್ಕರು. "ಜನ ಇಲ್ದೇ ಇದ್ರೆ ಯುದ್ಧ ಯಾರ ಮೇಲೆ ಮಾಡ್ತಾರೆ ಅಮ್ಮಾ?"

ಅವರು ರೊಟ್ಟಿ ಗಂಟು ಹಿಡಿದು ಹೋದರು. ನಾನು ಕುರ್ಚಿಯಲ್ಲಿ ಕೂತವಳು ಏಳಲಿಲ್ಲ. ನಲವತ್ತು ವರ್ಷ ಆ ಊರಿಗೆ ಬೆಂಕಿ ಬೀಳಲಿ ಅಂತ ಆಮೆನ್ ಅಂದಿದ್ದೇನೆ. ಒಂದು ಸಲವಲ್ಲ, ಎಷ್ಟು ಸಲವೋ. ಊರು ಅಲ್ಲೇ ಇದೆ, ಆಮೆನ್‌ಗಳೂ ಎಲ್ಲೋ ಇರಬೇಕು. ಈಗ ಅದರೊಳಗೆ ನನ್ನ ಮಗಳು. ನೀವು ಓದಿದವರು, ಹಾಗೆಲ್ಲ ಆಗುವುದಿಲ್ಲ ಅನ್ನುತ್ತೀರಿ. ಆಗುವುದಿಲ್ಲ ಅಂತ ನನಗೂ ಗೊತ್ತಿತ್ತು. ಹೆದರಿಕೆ ಗೊತ್ತಿದ್ದದ್ದನ್ನು ಕೇಳಿ ಬರುವುದಿಲ್ಲ.

ಆ ಹೆದರಿಕೆಯೇ ನನ್ನ ಬಾಯಿ ಬಿಡಿಸಿತು.

ನಮ್ಮ ಕನ್ನಡ ಕ್ರಿಸ್ತರದು ಟೆಕ್ಸಾಸಿನಲ್ಲಿ ಒಂದು ಪ್ರಾರ್ಥನಾ ಸರಪಳಿ ಇತ್ತು. ಹ್ಯೂಸ್ಟನ್ನಿನವರ ಕಷ್ಟವನ್ನು ಫೋನಿನಲ್ಲಿ ಡಲ್ಲಾಸಿನವರಿಗೆ ಹೇಳಬೇಕು, ಡಲ್ಲಾಸಿನವರು ಆಸ್ಟಿನ್ನಿಗೆ ದಾಟಿಸಬೇಕು. ಎಲ್ಲರೂ ಒಂದೇ ಹೊತ್ತಿಗೆ ಪ್ರಾರ್ಥನೆಗೆ ಕೂರಬೇಕು. ಡಲ್ಲಾಸಿನ ಕೊಂಡಿ ಸುಶೀಲಾಬಾಯಿ. ಧಾರವಾಡದಾಕೆ, ಗಂಡ ಡಾಕ್ಟರು, ಸೌತ್‌ಲೇಕಿನಲ್ಲಿ ದೊಡ್ಡ ಮನೆ. ಆಕೆಯದು ಒಂದು ಕಟ್ಟುನಿಟ್ಟು. ಸುಮ್ಮನೆ "ನಮಗಾಗಿ ಬೇಡಿಕೊಳ್ಳಿ" ಅಂದರೆ ಒಪ್ಪುವುದಿಲ್ಲ. ಹೆಸರು, ಊರು, ಕಷ್ಟ, ಹೊತ್ತು, ನಾಲ್ಕೂ ಬೇಕು. ವಹಿಯಲ್ಲಿ ಬರೆದುಕೊಳ್ಳುತ್ತಾಳೆ. ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿದ ಹಾಗೆ.

ಅಂದು ಸಂಜೆ ನಾನೇ ಲಿಲ್ಲಿಯ ಕೈಯಲ್ಲಿ ನಂಬರ್ ಒತ್ತಿಸಿದೆ. "ಕರುಣಾನ ಸಲುವಾಗಿ ಪ್ರಾರ್ಥನಾ ಮಾಡ್ರಿ" ಅಂದೆ.

"ಮಾಡಾಕತ್ತೇವಲ್ಲರಿ. ಆದ್ರ ಎಲ್ಲಿದ್ದಾಳಂತ ಹೇಳಲಾರದ ಹೆಂಗ್ರಿ? ವಿಳಾಸಿಲ್ಲದ ಪತ್ರ ಮುಟ್ಟತದೇನು?"

"ಹೇಳಬಾರದಂತ."

"ದೇವರ ಮುಂದೂ?"

ಎಂಥ ಮಾತು ನೋಡಿ. ನಾನು ಸೋತೆ. ಮೋಸುಲ್ ಅನ್ನಲಿಲ್ಲ. ಅದು ಟಿವಿಯ ಹೆಸರು, ಅದನ್ನು ಹೇಳಿದರೆ ತಪ್ಪು. "ನಿನೆವೆ" ಅಂದೆ. ಅದು ಪುಸ್ತಕದ ಹೆಸರು, ಸತ್ತ ಊರಿನ ಹೆಸರು, ಅದರಿಂದ ಯಾರಿಗೆ ಏನು ತಿಳಿಯುತ್ತದೆ ಅಂತ ನನ್ನ ಎಣಿಕೆ. ಹೊತ್ತು ಯಾವುದು ಅಂದಳು. "ಮುಂಜಾನಿ ಪಾಳಿ. ಕೆಲಸದವರು ಗೇಟಿನಾಗ ಒಳಗ ಬರೂ ಹೊತ್ತಿಗೆ ಅಕೀದು ಶುರು ಆಗತೈತಿ" ಅಂದೆ. ಅಷ್ಟನ್ನೂ ಹೇಳಿದೆ. ಫೋನ್ ಇಟ್ಟಾಗ ಎದೆ ಹಗುರಾಗಿತ್ತು.

ಮೂರು ದಿನಕ್ಕೆ ಅಳಿಯ ಕೆಲಸದಿಂದ ಬೇಗ ಬಂದ. ಕೈಯಲ್ಲಿ ಒಂದು ಕಾಗದ. ಆಸ್ಟಿನ್ನಿನವರು ಸರಪಳಿಯನ್ನು ಇಮೇಲ್ ಮಾಡಿದ್ದರು. ಮೂರು ಊರಿನ ನಮ್ಮವರಿಗೆ ಹೋಗಿ, ಅಲ್ಲಿಂದ ಹುಬ್ಬಳ್ಳಿ ಗದಗಿನ ತನಕ ಹೋಗಿ, ಯಾರೋ ಅಳಿಯನಿಗೇ ತಿರುಗಿ ಕಳಿಸಿದ್ದರು. ಅವನು ಓದಿ ಹೇಳಿದ. ಸಿಸ್ಟರ್ ಕರುಣಾ, ಸೈನ್ಯದ ಆಸ್ಪತ್ರೆಯ ನರ್ಸು, ನಿನೆವೆ ಅಂದರೆ ಇಂದಿನ ಮೋಸುಲ್, ಬೆಳಗಿನ ಪಾಳಿ, ಊರಿನ ಕೆಲಸಗಾರರು ಗೇಟಿನಿಂದ ಒಳಬರುವ ಹೊತ್ತು. ಕೆಳಗೆ "ತಪ್ಪದೆ ಎಲ್ಲರಿಗೂ ತಿಳಿಸಿ" ಅಂತ.

"ಅತ್ತೀ, ಇದನ್ನ ಯಾರು ಹೇಳಿದ್ರು?"

"ನಾನು."

ಅವನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕಿಸೆಯಲ್ಲಿಟ್ಟುಕೊಂಡು, ಬೂಟು ಬಿಚ್ಚದೆ, ಸೋಫಾದ ತುದಿಯಲ್ಲಿ ಕೂತ. ಆಮೇಲೆ ಒಂದೊಂದೇ ಮನೆಗೆ ಫೋನ್ ಮಾಡಿ ಅಳಿಸಿಬಿಡಿ, ಅಳಿಸಿಬಿಡಿ ಅಂದ. ಅಳಿಸಿದರೆ ಓದಿದವರು ಮರೆಯುತ್ತಾರೆಯೇ?

ಆ ಗುರುವಾರ ಮಧ್ಯಾಹ್ನ ಟಿವಿಯಲ್ಲಿ ಮೋಸುಲ್ ಅಂದರು. ನನಗೆ ಇಂಗ್ಲಿಷ್ ಬಾರದು, ಆ ಒಂದು ಹೆಸರು ಬಂತು. ಹೊಗೆ, ಗೇಟು, ಮಲಗಿಸಿ ಒಯ್ಯುವ ಮಂಚ. ಲಿಲ್ಲಿ ರಿಮೋಟು ಒತ್ತಿ ಆಫ್ ಮಾಡಿ ನನ್ನ ಮುಖ ನೋಡಿದಳು. "ಅಜ್ಜಿ, ಇಟ್ಸ್ ಎ ಬಿಗ್ ಸಿಟಿ" ಅಂದಳು. ಒಂಬತ್ತರ ಕೂಸು ನನಗೆ ಸಮಾಧಾನ ಹೇಳಿತು.

ಫೋನ್ ಬರಲಿಲ್ಲ. ಅಳಿಯ ಹೇಳಿದ, ಶಿಬಿರದಲ್ಲಿ ಯಾರಾದರೂ ಸತ್ತರೆ ಅವರ ಮನೆಯವರಿಗೆ ತಿಳಿಸುವ ತನಕ ಎಲ್ಲರ ಫೋನೂ ಬಂದ್ ಇಡುತ್ತಾರಂತೆ. ಅಂದರೆ ಯಾರೋ ಸತ್ತಿದ್ದಾರೆ, ಯಾರದೋ ಮನೆಗೆ ಇಬ್ಬರು ಹೊರಟಿದ್ದಾರೆ, ಯಾರ ಮನೆಗೆ ಅನ್ನುವುದಷ್ಟೇ ಉಳಿದದ್ದು. ಇದು ನನ್ನ ಮನೆಗೆ ಬರದಿರಲಿ ಅಂದರೆ ಬೇರೆಯವರ ಮನೆಗೆ ಹೋಗಲಿ ಅಂದ ಹಾಗೆ. ಅಂದೆ. ಹತ್ತಾರು ಸಲ ಅಂದೆ. ಬೇರೆಯವರ ಮನೆಗೆ ಹೋಗಲಿ ಅಂತಲೇ ಬೇಡಿಕೊಂಡೆ. ಸುಳ್ಳು ಯಾಕೆ ಹೇಳಲಿ?

ಶುಕ್ರವಾರ ಮಧ್ಯಾಹ್ನ ಮನೆಯಲ್ಲಿ ನಾನೊಬ್ಬಳೇ. ಬಾಗಿಲು ಬಡಿದರು. ಕಿಂಡಿಯಲ್ಲಿ ನೋಡಿದರೆ ಕಂದು ಬಣ್ಣದ ಯುನಿಫಾರ್ಮು. ಒಬ್ಬನೇ ಕಾಣುತ್ತಾನೆ, ಇನ್ನೊಬ್ಬ ಗೋಡೆಯ ಮರೆಯಲ್ಲಿ ಇರಬೇಕು ಅಂದುಕೊಂಡೆ. ಬಾಗಿಲ ಸರಪಳಿಯ ಮೇಲೆ ಕೈಯಿಟ್ಟು ನಿಂತೆ, ತೆಗೆಯಲಿಲ್ಲ. ತೆಗೆಯದಿದ್ದರೆ ಸುದ್ದಿ ಒಳಗೆ ಬರಲಾರದು. ಮತ್ತೆ ಬಡಿದ. ನನಗೆ ನಿಂತಲ್ಲೇ ಸೀರೆ ಒದ್ದೆಯಾಯಿತು. ಮುಚ್ಚಿಡುವುದೇನಿದೆ, ಮೂವತ್ತು ವರ್ಷ ಬೇರೆಯವರದನ್ನು ಒರೆಸಿದವಳು ನಾನು. ಆಮೇಲೆ ದಪ್ ಅಂತ ಏನೋ ಇಟ್ಟು ಅವನು ಹೋದ. ಪಾರ್ಸೆಲ್ ತರುವವನು. ಒಳಗೆ ಲಿಲ್ಲಿಯ ಬೂಟು. ನೆಲ ಒರೆಸಿದೆ, ಮೂಲೆಯಿಂದ ಬಾಗಿಲಿಗೆ.

ರವಿವಾರ ಜಾರ್ಜ್‌ಟೌನಿನಲ್ಲಿ ಮೂರೂ ಊರಿನವರ ಕೂಟ. ಆಸ್ಟಿನ್ ಕಡೆಯ ಹಿರಿಯರು ಜಯರಾಜ ಮಾಸ್ತರರ ಹೊಸ ಮನೆ, ಇನ್ನೂ ಬಣ್ಣದ ವಾಸನೆ ಹೋಗಿರಲಿಲ್ಲ. ನಾನು ಒಲ್ಲೆ ಅಂದರೂ ಅಳಿಯ ಕರೆದೊಯ್ದ. ಸುಶೀಲಾಬಾಯಿ ಬಂದಿದ್ದಳು. ನನ್ನ ಎರಡೂ ಕೈ ಹಿಡಿದಳು. ಮಾಸ್ತರರು ಒಳ್ಳೆಯವರು, ನನಗೆ ಧೈರ್ಯ ಬರಲಿ ಅಂತಲೇ ಆ ಪಾಠ ತೆಗೆದರು. ನಿನೆವೆಯ ನಾಶದ ಪಾಠ. ಗಂಟಲು ಏರಿಸಿ ಓದಿ, "ಶತ್ರುವಿನ ಕೋಟೆ ಇಂದೂ ಬೀಳಲಿ, ಎಲ್ಲರೂ ಆಮೆನ್ ಹೇಳೋಣ" ಅಂದರು.

"ಬ್ಯಾಡ್ರಿ" ಅಂದೆ.

ನಾಲ್ಕೈದು ಆಮೆನ್ ಹೊರಟಿದ್ದವು, ಅರ್ಧಕ್ಕೆ ನಿಂತವು.

"ಆ ಊರು ಬೀಳಬಾರದು. ನನ್ನ ಮಗಳು ಅಲ್ಲೆ ಅದಾಳ. ಅಲ್ಲೆ ನೆಲಾ ಒರಸೂ ಹೆಂಗಸರು ಅದಾರ. ಕಲ್ಲಂಗಡಿ ಮಾರ್ತಾರಂತ. ಅದಕ್ಕ ಬೆಂಕಿ ಬೀಳಲಿ ಅಂತ ಇನ್ನ ಯಾರೂ ಅನಬ್ಯಾಡ್ರಿ. ಬೀಳಲಾರದಂಗ ಬೇಡಿಕೋರಿ. ಬರತೈತೇನು ನಿಮಗ?"

ಇದನ್ನು ಧೈರ್ಯದ ಮಾತು ಅಂತ ಆಮೇಲೆ ಕೆಲವರು ಅಂದರು. ಧೈರ್ಯ ಎಲ್ಲಿಯದು? ಎಲ್ಲ ಹೆದರಿಕೆ. ನನ್ನ ಮಗಳು ಅದರೊಳಗೆ ಇಲ್ಲದಿದ್ದರೆ ನಾನೂ ಜೋರಾಗಿ ಆಮೆನ್ ಅನ್ನುತ್ತಿದ್ದೆ. ಮಾಸ್ತರರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು, ಯಾವ ಪುಟ ಓದಬೇಕು ಅಂತ ಅವರಿಗೆ ತಿಳಿಯಲಿಲ್ಲ. ಯಾರೋ ಊಟಕ್ಕೆ ಎಬ್ಬಿಸಿದರು. ನಾನು ಉಣ್ಣಲಿಲ್ಲ.

ಸೋಮವಾರ ಬೆಳಗ್ಗೆ ಏಳಕ್ಕೆ ಫೋನ್ ಬಂತು. ಅಳಿಯ ಎತ್ತಿದ, ಗೋಡೆ ಹಿಡಿದುಕೊಂಡ, ನನಗೆ ಕೊಟ್ಟ.

"ಅವ್ವಾ, ನಾ ಆರಾಮದೇನಿ."

ಅವಳೇ ಹೇಳಿದಳು. ಬೆಳಗ್ಗೆ, ಗೇಟಿನ ಹೊರಗೆ, ಕೆಲಸಕ್ಕೆ ಬರುವ ಊರಿನವರು ಸಾಲು ನಿಂತಾಗ ಬಾಂಬು ಸಿಡಿಯಿತಂತೆ. "ಅಕಿ ಇದ್ಲಲ್ಲವ್ವಾ, ಮೂಲಿಯಿಂದ ಒರಸಾಕಿ. ಅಕಿ ಹೋದ್ಲು. ನಮ್ಮ ವಾರ್ಡಿಗೇ ತಂದ್ರು. ಅಕಿ ಮುಂಜಾನಿ ಒರಸಬೇಕಾಗಿದ್ದ ನೆಲದ ಮ್ಯಾಲ. ಮೂರು ಮಕ್ಕಳು ಅಕಿಗೆ, ಸಣ್ಣದು ಇನ್ನೂ ಮಾತಾಡೂದಿಲ್ಲ." ಆಮೇಲೆ, "ಅವ್ವಾ, ನೀ ಯಾರ ಮುಂದೂ ಹೇಳಿಲ್ಲ ಹೌದಲ್ಲೋ?" ಅಂದಳು.

ಇಲ್ಲ ಅನ್ನಬಹುದಿತ್ತು. ಅಳಿಯ ನನ್ನನ್ನೇ ನೋಡುತ್ತಿದ್ದ, ಅವನು ಹೇಳುತ್ತಿರಲಿಲ್ಲ.

"ಹೇಳೀನಿ" ಅಂದೆ. "ಸುಶೀಲಾಬಾಯಿಗೆ ಹೇಳೀನಿ. ಊರೂ ಹೇಳೀನಿ, ಹೊತ್ತೂ ಹೇಳೀನಿ. ಆಸ್ಟಿನ್ ದಾಟಿ ಗದಗಿನ ತನಕ ಹೋಗೇತಿ."

ಕರುಣಾ, "ಅದರಿಂದ ಆಗಿಲ್ಲ, ಬಿಡು" ಅಂದಳು. ಆಮೇಲೆ, "ಆದ್ರ ಇನ್ನ ಮ್ಯಾಲ ನಾ ಯಾವ ಅರಸನ ಹೆಸರೂ ಹೇಳೂದಿಲ್ಲ" ಅಂದಳು.

ಮಾತಿನಂತೆ ನಡೆದಳು. ಎಂಟು ತಿಂಗಳು ಫೋನ್ ಬರುತ್ತಿತ್ತು, ಊಟ ಆಯಿತು, ಚಳಿ ಇದೆ, ಬಿಸಿಲಿದೆ. ಎಲ್ಲಿ ಅಂತ ಇಲ್ಲ. ನನ್ನ ಬೆರಳು ನಕಾಶೆಯ ಮೇಲೆ ಎಲ್ಲಿ ನಿಲ್ಲಬೇಕು ಅಂತ ತಿಳಿಯದೆ ಊರಿಂದ ಊರಿಗೆ ಅಲೆಯಿತು. ಹಾಳೆ ಹರಿದದ್ದು ಆಗಲೇ. ಒಂಬತ್ತನೆಯ ತಿಂಗಳು ಒಂದು ದಿನ ಫೋನ್ ಎತ್ತಿದರೆ, ನಮಸ್ಕಾರವಿಲ್ಲ, ಏನಿಲ್ಲ, "ಅವ್ವಾ, ಕೋರೆಷ" ಅಂದಳು. ಈಗ ಇಲ್ಲೇ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾಳೆ. ನೆಲ ಒರೆಸುವವರು ಬಂದರೆ ಎದ್ದು ನಿಂತು ದಾರಿ ಬಿಡುತ್ತಾಳಂತೆ.

ನನ್ನ ಮಾತಿನಿಂದ ಆಯಿತೇ? ಆಗಿರಲಿಕ್ಕಿಲ್ಲ. ಗದಗಿನಲ್ಲಿ ಪ್ರಾರ್ಥನೆಗೆ ಕೂತವರು ಯಾರಿಗೆ ಹೋಗಿ ಹೇಳುತ್ತಾರೆ? ಆದರೆ ಆಗಿರಲಿಕ್ಕಿಲ್ಲ ಅನ್ನುವುದು ಆಗಿಲ್ಲ ಅಂದ ಹಾಗಲ್ಲ. ಆ ಎರಡರ ನಡುವೆ ಐದು ವರ್ಷದಿಂದ ಇದ್ದೇನೆ. ನಿನ್ನೆ ಲಿಲ್ಲಿ ಎಲ್ಲ ಕೇಳಿ, ಹಾಳೆಯನ್ನು ಪುಸ್ತಕದೊಳಗೆ ತಿರುಗಿ ಇಡಲಿಲ್ಲ. ಪ್ಲಾಸ್ಟಿಕ್ ಕವರು ತಂದು ಅದರಲ್ಲಿ ಹಾಕಿದಳು. ಮೊದಲ ಸಲ ಕನ್ನಡದಲ್ಲಿ ಕೇಳಿದಳು, "ಅಜ್ಜಿ, ಅವರ ಹೆಸರು?"

"ಗೊತ್ತೈತಿ, ಹೇಳೂದಿಲ್ಲ" ಅಂದೆ. ಅವಳು ಮತ್ತೆ ಕೇಳಲಿಲ್ಲ.

ಕರುಣಾ ಆ ಹೆಂಗಸಿನ ಹೆಸರನ್ನು ನನಗೆ ಹೇಳಿದ್ದು ಅದೇ ಸೋಮವಾರ, ಫೋನ್ ಇಡುವ ಮೊದಲು. ಮರುದಿನ ಬೆಳಗ್ಗೆ ಎದ್ದು ಲಿಲ್ಲಿಯ ಪೆನ್ಸಿಲ್ ತೆಗೆದುಕೊಂಡು ನಿನೆವೆಯ ಪಕ್ಕ ಮೂರು ಚುಕ್ಕೆ ಇಟ್ಟೆ, ಸಣ್ಣದನ್ನು ಸಣ್ಣಗೆ. ಆಮೇಲೆ ಯಾರನ್ನೂ ಕರೆಯದೆ, ಗೋಡೆಗೆ ಅಂಟಿಸಿದ್ದ ಫೋನ್ ನಂಬರಿನ ಚೀಟಿ ನೋಡಿ ಒಂದೊಂದೇ ಅಂಕಿ ಒತ್ತಿ, ಡಲ್ಲಾಸಿಗೆ ಫೋನ್ ಹಚ್ಚಿದೆ.

"ಬರಕೋರಿ" ಅಂದೆ ಸುಶೀಲಾಬಾಯಿಗೆ. "ಮೂರು ಮಕ್ಕಳು. ತಾಯಿ ಹೋಗ್ಯಾಳ."

ವಹಿ ತೆಗೆಯುವ ಸದ್ದಾಯಿತು. "ಯಾವ ಸಭಾದವ್ರು?"

"ನಮ್ಮ ಸಭಾದವರಲ್ಲ."

"ಹೆಸರೇನ್ರಿ? ಊರು?"

"ಹೆಸರಿಲ್ಲ. ಊರಿಲ್ಲ. ಹೊತ್ತೂ ಇಲ್ಲ."

"ಹಂಗಂದ್ರ ಏನಂತ ಬರಕೊಳ್ಳಲಿ?"

"ಮೂರು ಅಂತ ಬರಕೋರಿ" ಅಂದೆ. ಆಕೆ ಬರೆದುಕೊಂಡಳು.